ಅರವಟ್ಟಿಗೆಯಿಂದ ನ್ಯಾಯಾಧಿಕರಣದವರೆಗೆ: ಮಲಪನಗುಡಿಯ ಸೀಮೆಯಲ್ಲಿ ನೀರಿನ ಹಕ್ಕು

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಸಾಗುವ ಹಳೆಯ ಹಾದಿಯಲ್ಲಿ ಮಲಪನಗುಡಿ ಸಿಗುತ್ತದೆ. ಊರಿಗೆ ಹೆಸರು ಬಂದುದು ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದಿಂದ. ಮಲ್ಲಪ್ಪನ ಗುಡಿಯೇ ಜನರ ಬಾಯಲ್ಲಿ ಮಲಪನಗುಡಿಯಾಯಿತು. ಆ ದೇವಾಲಯದ ಆವರಣದಲ್ಲಿರುವ ಕನ್ನಡ ಶಾಸನ ಕ್ರಿ.ಶ. 1412ರದು, ಒಂದನೆಯ ದೇವರಾಯನ ಆಳ್ವಿಕೆಯದು. ಹೆಗ್ಗಡೆ ಸೋವಣ್ಣನೆಂಬವನು ಅಲ್ಲಿ ಅರವಟ್ಟಿಗೆಯನ್ನು ನಿರ್ಮಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಹಂಪಿಯ ಅರಮನೆ, ಆನೆಲಾಯ, ಕಲ್ಲಿನ ರಥಗಳನ್ನು ನೋಡಲು ಹೋಗುವವರು ಈ ಗುಡಿಯನ್ನು ದಾಟಿಯೇ ಹೋಗುತ್ತಾರೆ, ನಿಲ್ಲುವವರು ಕಡಿಮೆ. ಸಾಮ್ರಾಜ್ಯವೊಂದು ತನ್ನ ರಾಜಧಾನಿಯ ಹೆಬ್ಬಾಗಿಲಿನಲ್ಲಿ ದಾರಿಹೋಕನಿಗೆ ಕುಡಿಯುವ ನೀರನ್ನು ಹೇಗೆ ಒದಗಿಸುತ್ತಿತ್ತು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪವೆಂಬುದನ್ನು ನೆನೆದರೆ ಈ ಅಲಕ್ಷ್ಯ ಉಚಿತವೆನಿಸುವುದಿಲ್ಲ.

ಅರವಟ್ಟಿಗೆ ಎಂಬ ಪದವನ್ನೇ ಮೊದಲು ಗಮನಿಸಬೇಕು. ಹಳಗನ್ನಡದಲ್ಲಿ ಇದರ ರೂಪ ಅಱವಟ್ಟಿಗೆ, ಅಱವಂಟಿಗೆ. ‘ಅಱ’ ಎಂದರೆ ಧರ್ಮ. ಸಂಸ್ಕೃತದ ‘ಪ್ರಪಾ’ ಎಂಬ ಶಬ್ದ ಕುಡಿಯುವ ಕ್ರಿಯೆಯನ್ನು ಮಾತ್ರ ಸೂಚಿಸಿದರೆ ಕನ್ನಡದ ಮಾತು ನೀರನ್ನು ಕೊಡುವವನ ಕರ್ತವ್ಯವನ್ನು ಹಿಡಿದಿಟ್ಟಿದೆ. ಇಲ್ಲಿ ಕುಡಿಯುವವನ ಹಕ್ಕಿನ ಮಾತಿಲ್ಲ. ಆದರೆ ದತ್ತಿಯಾಗಿ ಒಮ್ಮೆ ಕಲ್ಲಿನಲ್ಲಿ ಬರೆಸಿದ ಮೇಲೆ ಅದನ್ನು ಕೆಡಿಸುವ ಅಧಿಕಾರ ದಾನಿಯ ಮಕ್ಕಳಿಗೂ ಇರಲಿಲ್ಲ. ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂಬ ಶಾಪಾಶಯವನ್ನು ಶಾಸನಗಳನ್ನು ಓದುವ ವಿದ್ಯಾರ್ಥಿಗಳು ಹಲವೊಮ್ಮೆ ಬರಿಯ ರೂಢಿಯ ಅಲಂಕಾರವೆಂದು ದಾಟಿಬಿಡುತ್ತಾರೆ. ಪೊಲೀಸೂ ಅಮೀನನೂ ಇಲ್ಲದ ಕಾಲದಲ್ಲಿ ಒಪ್ಪಂದವನ್ನು ಉಳಿಸಿಕೊಳ್ಳುವ ಒಂದು ಬಲವಾಗಿ ಅದು ಕೆಲಸ ಮಾಡಿತು.

ಮಲಪನಗುಡಿಯ ಹತ್ತಿರವೇ ಅಷ್ಟಕೋನಾಕೃತಿಯ ದೊಡ್ಡ ಬಾವಿಯೊಂದಿದೆ. ಜನ ಅದನ್ನು ‘ಸೂಳೆ ಬಾವಿ’ ಎನ್ನುತ್ತಾರೆ. ಇಂಥ ಹೆಸರು ಕನ್ನಡನಾಡಿನಲ್ಲಿ ಒಂಟಿಯಲ್ಲ. ಚನ್ನಗಿರಿ ತಾಲ್ಲೂಕಿನ ಪ್ರಸಿದ್ಧವಾದ ಕೆರೆಗೆ ಶಾಂತಿಸಾಗರವೆಂಬ ಹೆಸರಿದ್ದರೂ ಜನ ಕರೆಯುವುದು ಸೂಳೆಕೆರೆಯೆಂದೇ. ದೇವಾಲಯಗಳ ನರ್ತಕಿಯರು ಆಸ್ತಿಯ ಒಡೆತನವುಳ್ಳವರೂ ದತ್ತಿ ಬಿಡಬಲ್ಲವರೂ ಆಗಿದ್ದರೆಂಬುದನ್ನು ಬಲ್ಲವರಿಗೆ ಈ ಹೆಸರುಗಳಲ್ಲಿ ಸಂಕೋಚಪಡುವಂಥದು ಏನೂ ಕಾಣದು.

ಭೂಮಿಯನ್ನು ದತ್ತಿ ಬಿಡುವಾಗ ವಿಜಯನಗರದ ಶಾಸನಗಳು ಅಷ್ಟಭೋಗಗಳನ್ನು ಎಣಿಸುತ್ತವೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಮೂರನೆಯದಾದ ‘ಜಲ’ವು ನೆಲದೊಡನೆ ನೀರೂ ಹೋಗುತ್ತದೆ ಎಂಬುದರ ಘೋಷಣೆ. ಹರಿಯುವ ನದಿಯ ನೀರು ಈ ಎಂಟರಲ್ಲಿ ಯಾವುದಕ್ಕೆ ಸೇರಿತು? ನೆಲದೊಳಗಿನ ಬಾವಿಯನ್ನು ದತ್ತಿ ಬಿಡಬಹುದು. ನಾಲ್ಕೂರು ದಾಟಿ ಬರುವ ಕಾಲುವೆಯನ್ನು ಬಿಡುವುದು ಹೇಗೆ? ಅದಕ್ಕೆ ಬೇರೆಯೇ ಆದ ಒಡಂಬಡಿಕೆ ಬೇಕಾಯಿತು.

ಅಂಥ ಒಡಂಬಡಿಕೆಯ ಅತ್ಯುತ್ತಮ ಮಾದರಿ ಇದೇ ತುಂಗಭದ್ರೆಯ ಮೇಲ್ದಂಡೆಯ ಹರಿಹರದಲ್ಲಿ ದೊರೆಯುತ್ತದೆ. ಕ್ರಿ.ಶ. 1410ರ ಶಾಸನದ ಪ್ರಕಾರ ಅಲ್ಲಿಯ ಬ್ರಾಹ್ಮಣರು ಹರಿಹರದೇವರ ಎಲ್ಲೆಯೊಳಗೆ ಹರಿದ್ರಾ ನದಿಗೆ ತಮ್ಮ ವೆಚ್ಚದಿಂದ ಅಣೆ ಕಟ್ಟಿ, ದೇವರ ಭೂಮಿಯ ಮೂಲಕ ಕಾಲುವೆ ತರಲು ದೇವರ ಭಂಡಾರದೊಡನೆ ಒಪ್ಪಂದ ಮಾಡಿಕೊಂಡರು. ಆ ಕಾಲುವೆಯಿಂದ ನೀರಾವರಿಯಾಗುವ ದೇವರ ನೆಲದಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಅಣೆ ಕಟ್ಟಿದವರಿಗೆ. ಮುಂದೆ ದುರಸ್ತಿಗೆ ಬೀಳುವ ವೆಚ್ಚವೂ ಅದೇ ಲೆಕ್ಕದಲ್ಲಿ, ಎರಡು ಭಾಗ ದೇವರದು, ಒಂದು ಭಾಗ ಬ್ರಾಹ್ಮಣರದು. ಲಾಭದ ಅನುಪಾತವನ್ನೂ ಹೊಣೆಯ ಅನುಪಾತವನ್ನೂ ಒಂದೇ ಕಲ್ಲಿನಲ್ಲಿ ಒಂದೇ ಅಂಕಿಯಲ್ಲಿ ಬರೆದುದು ಈ ಶಾಸನದ ವೈಶಿಷ್ಟ್ಯ. ಅಣೆ ಮುಂದೆ ಒಡೆಯಿತು. 1424ರಲ್ಲಿ ದಂಡನಾಯಕ ಚಾಮನೃಪಾಲನ ಧನಸಹಾಯದಿಂದ ಮತ್ತೆ ಕಟ್ಟಲಾಯಿತೆಂದು ಅದೇ ಊರಿನ ಇನ್ನೊಂದು ಶಾಸನ ಹೇಳುತ್ತದೆ. ಒಡಂಬಡಿಕೆ ಮಾತ್ರ ಅಣೆಯೊಡನೆ ಕೊಚ್ಚಿಹೋಗಲಿಲ್ಲ.

ಇದರ ಹಿಂದೆ ಶಾಸ್ತ್ರದ ಬಲವೂ ಇತ್ತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸೇತುವಿನ ಪ್ರಶ್ನೆ ಸೀಮಾವಿವಾದದ ಪ್ರಕರಣದಲ್ಲಿ ಬರುತ್ತದೆ. ಸ್ವಲ್ಪ ನೆಲವನ್ನು ತಿಂದು ಬಹುಜನಕ್ಕೆ ಉಪಕಾರ ಮಾಡುವ ಕಟ್ಟೆಯನ್ನೂ ಬಾವಿಯನ್ನೂ ನೆಲದೊಡೆಯನು ತಡೆಯತಕ್ಕದ್ದಲ್ಲ. ಆದರೆ ಒಡೆಯನಿಗೆ ತಿಳಿಸದೆ ಪರರ ಭೂಮಿಯಲ್ಲಿ ಕಟ್ಟೆ ಹಾಕಿದವನಿಗೆ ಅದರ ಫಲ ಸಲ್ಲದು, ಅದು ಒಡೆಯನಿಗೆ, ಅವನಿಲ್ಲದಿದ್ದರೆ ರಾಜನಿಗೆ. ಹರಿಹರದ ಬ್ರಾಹ್ಮಣರು ದೇವರ ಭಂಡಾರದ ಒಪ್ಪಿಗೆಯನ್ನು ಕಲ್ಲಿನಲ್ಲಿ ಪಡೆದುದಕ್ಕೆ ಈ ಎರಡನೆಯ ಮಾತೇ ಕಾರಣವೆಂದು ಊಹಿಸಿದರೆ ತಪ್ಪಾಗಲಾರದು. ಕೆರೆ ಕಟ್ಟಿದವನಿಗೆ, ಜೀರ್ಣೋದ್ಧಾರ ಮಾಡಿದವನಿಗೆ ದೊರೆಯುತ್ತಿದ್ದ ಕಟ್ಟುಕೊಡಗೆ, ಕೆರೆಕೊಡಗೆ, ದಶವಂದ, ಬಿತ್ತುವಟ್ಟಗಳೆಲ್ಲ ಇದೇ ನ್ಯಾಯದ ಕವಲುಗಳು.

ಹೊಸಪೇಟೆಯ ಸೀಮೆಯಲ್ಲಿ ಈ ನ್ಯಾಯ ರಾಜ್ಯದ ಬೊಕ್ಕಸದೊಡನೆ ಕೂಡಿಕೊಂಡಿತು. ಕೃಷ್ಣದೇವರಾಯನು ನಾಗಲಾಪುರದ ಬಳಿ ಎರಡು ಗುಡ್ಡಗಳ ನಡುವೆ ಕಟ್ಟಿಸಿದ ಕೆರೆಯ ಕೆಲಸವನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಣ್ಣಾರೆ ಕಂಡು, ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಕಟ್ಟೆ ನಿಲ್ಲದಿದ್ದಾಗ ನರಬಲಿಯಾಯಿತೆಂಬ ಘೋರ ಸಂಗತಿಯನ್ನೂ ದಾಖಲಿಸಿದ್ದಾನೆ. ನೀರಾವರಿಯ ವೈಭವವನ್ನು ಹೊಗಳುವ ಲೇಖನಗಳಲ್ಲಿ ಈ ಸಾಲು ಬಹುವಾಗಿ ಕಾಣೆಯಾಗುತ್ತದೆ. ನೂನಿಜ್‌ನ ವರದಿ ಬೇರೊಂದು ಕಾರಣಕ್ಕೆ ಮುಖ್ಯ. ಈ ನೀರಿನ ಕೆಳಗಿನ ಭೂಮಿಯನ್ನು ರಾಯನು ಒಂಬತ್ತು ವರ್ಷ ಕರವಿಲ್ಲದೆ ಜನರಿಗೆ ಬಿಟ್ಟನೆಂದೂ, ಬಳಿಕ ಅದರ ಹುಟ್ಟುವಳಿ 20,000 ಪರ್ದಾವುಗಳಿಗೆ ಏರಿತೆಂದೂ ಅವನು ಹೇಳುತ್ತಾನೆ. ಹೊಲವನ್ನು ಗದ್ದೆ ಮಾಡುವ ಶ್ರಮ ರೈತನದು. ಆ ಶ್ರಮಕ್ಕೆ ಕಾಲಾವಕಾಶ ಕೊಟ್ಟ ಮೇಲೆಯೇ ಕರ.

ತುಂಗಭದ್ರೆಯ ಎರಡು ದಂಡೆಗಳಲ್ಲಿಯೂ ಇದೇ ಕಾಲದ, ಇದಕ್ಕೂ ಹಿಂದಿನ ಕಾಲುವೆಗಳು ಹರಡಿವೆ: ಬಸವಣ್ಣ, ರಾಯ, ಬೆಲ್ಲ, ತುರುತ್ತು, ಕಾಳಘಟ್ಟ, ರಾಮಸಾಗರ, ಕಂಪ್ಲಿ, ಆನೆಗೊಂದಿ, ಗಂಗಾವತಿ. ಬಸವಣ್ಣ ಕಾಲುವೆಗೆ ನೀರೊದಗಿಸಿದ ವಲ್ಲಭಾಪುರದ ಅಣೆಕಟ್ಟು 1521ರದು. ಬತ್ತ, ಕಬ್ಬು, ಬಾಳೆಗಳ ಈ ಹಸಿರು ಪಟ್ಟಿಗೆ ಸಾಮ್ರಾಜ್ಯ ಅಳಿದ ಮೇಲೂ ನೀರು ಬರುವುದು ನಿಲ್ಲಲಿಲ್ಲ.

1800ರಲ್ಲಿ ಬಳ್ಳಾರಿಯ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಇಲ್ಲಿ ನೆಲೆಗೊಳಿಸಿದ ರೈತವಾರಿ ಪದ್ಧತಿಯಲ್ಲಿ ತರಿ ಜಮೀನಿನ ಕಂದಾಯದೊಳಗೇ ನೀರಿನ ಬೆಲೆಯೂ ಅಡಗಿತ್ತು. ಜಮೀನ್ದಾರಿ ಪ್ರದೇಶಗಳ ಕಥೆ ಬೇರೆ. 1865ರ ಮದ್ರಾಸು ನೀರಾವರಿ ತೆರಿಗೆಯ ಕಾನೂನಿನಡಿ ಉರ್ಲಾಂ ಜಮೀನ್ದಾರನ ಮೇಲೆ ಹೇರಿದ ನೀರಿನ ತೆರಿಗೆ ಪ್ರಿವಿ ಕೌನ್ಸಿಲಿನವರೆಗೂ ಹೋಗಿ, ಹಿಂದಿನಿಂದಲೂ ಇದ್ದ ಹಕ್ಕಿನ ನೀರಿಗೆ ಬೇರೆ ತೆರಿಗೆ ಸಲ್ಲದೆಂದು 1917ರಲ್ಲಿ ತೀರ್ಮಾನವಾಯಿತು. ಹೊಸಪೇಟೆಯ ರೈತನ ಕೈಯಲ್ಲಿ ಅಂಥ ಸನ್ನದು ಇರಲಿಲ್ಲ. ಇದ್ದುದು ‘ತರಿ’ ಎಂದು ಬರೆದ ಪಹಣಿಯ ಒಂದು ಶಬ್ದ. ಆ ಶಬ್ದಕ್ಕೂ ಬೆಲೆ ಬಂದುದು ಮದ್ರಾಸು ಹೈಕೋರ್ಟಿನ ತೀರ್ಪುಗಳಿಂದ. ನೀರಿನ ಮೂಲವನ್ನೂ ಹಂಚಿಕೆಯ ಕ್ರಮವನ್ನೂ ಬದಲಿಸಲು ಸರ್ಕಾರ ಸ್ವತಂತ್ರ, ಆದರೆ ತರಿಯೆಂದು ಕಂದಾಯ ಕಟ್ಟಿಸಿಕೊಂಡ ನೆಲಕ್ಕೆ ರೂಢಿಯ ನೀರನ್ನು ಕುಂದಿಸಿ ರೈತನಿಗೆ ಹಾನಿ ಮಾಡುವಂತಿಲ್ಲ ಎಂಬುದು ಅವುಗಳ ಸಾರ. 1882ರ ಭಾರತೀಯ ಸರಾಗಾಧಿಕಾರ ಕಾನೂನು ಇಪ್ಪತ್ತು ವರ್ಷದ ನಿರಂತರ ಬಳಕೆಯಿಂದ ಹಕ್ಕು ಹುಟ್ಟುತ್ತದೆಂದು ಹೇಳಿದರೂ, ನದಿಯ ನೀರನ್ನು ಕೂಡಿಸುವ, ತಡೆಯುವ, ಹಂಚುವ ಸರ್ಕಾರದ ಅಧಿಕಾರಕ್ಕೆ ತಾನು ಅಡ್ಡಬಾರದೆಂದು ತನ್ನ ಎರಡನೆಯ ಪ್ರಕರಣದಲ್ಲಿಯೇ ಹೇಳಿಬಿಟ್ಟಿದೆ. ನಾಲ್ಕು ಶತಮಾನ ನೀರುಂಡವನು ನೆರೆಯವನ ಮೇಲೆ ದಾವೆ ಹೂಡಬಹುದಿತ್ತು. ಪ್ರಭುವಿನ ಮೇಲೆ ಹೂಡುವುದು ಸುಲಭವಿರಲಿಲ್ಲ.

ವಿಚಿತ್ರವೆಂದರೆ ರೈತನ ಈ ರೂಢಿಯ ಹಕ್ಕನ್ನು ಪ್ರಭುತ್ವವೇ ತನ್ನ ಆಯುಧ ಮಾಡಿಕೊಂಡಿತು. 1892ರ ಫೆಬ್ರವರಿ 18ರ ಮದ್ರಾಸು–ಮೈಸೂರು ಒಪ್ಪಂದದ ಪಟ್ಟಿಯಲ್ಲಿ ತುಂಗಭದ್ರೆಯೂ ಇದೆ. ಪಟ್ಟಿಯ ನದಿಗಳಲ್ಲಿ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಸಮ್ಮತಿ ಬೇಕು; ಮದ್ರಾಸು ಅದನ್ನು ನಿರಾಕರಿಸಬಹುದಾದುದು ಬಹುಕಾಲದ ಬಳಕೆಯಿಂದ ಈಗಾಗಲೇ ದೊರೆತ ಹಕ್ಕುಗಳ ರಕ್ಷಣೆಗಾಗಿ ಮಾತ್ರ. ಕೃಷ್ಣದೇವರಾಯನ ಕಾಲುವೆಯ ರೈತನು ಹೀಗೆ ತಾನರಿಯದೆಯೇ ಎರಡು ಸರ್ಕಾರಗಳ ಪತ್ರವ್ಯವಹಾರದಲ್ಲಿ ಸಾಕ್ಷಿಯಾದನು.

1944ರ ಜೂನಿನಲ್ಲಿ ಮದ್ರಾಸು ಮತ್ತು ಹೈದರಾಬಾದು ಒಪ್ಪಿಕೊಂಡ ಮೇಲೆ, 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರಿತು, ತುಂಗಭದ್ರಾ ಮಂಡಳಿ ಹುಟ್ಟಿತು. ನಾರಾಯಣದೇವರಕೆರೆಯಂಥ ಊರುಗಳೊಡನೆ ವಲ್ಲಭಾಪುರದ ಅಣೆಯೂ ಹಿನ್ನೀರಿನಲ್ಲಿ ಮುಳುಗಿತು. ಆದರೆ ರಾಯ, ಬಸವಣ್ಣ ಕಾಲುವೆಗಳಿಗೆ ಹೊಸ ಜಲಾಶಯದಿಂದಲೇ ನೇರವಾಗಿ ನೀರು ಬಿಡುವ ವ್ಯವಸ್ಥೆಯಾಯಿತು. ಮೂಲ ಬದಲಾಗಬಹುದು, ರೂಢಿಯ ನೀರು ಕುಂದಬಾರದು ಎಂಬ ಹಳೆಯ ನ್ಯಾಯತತ್ತ್ವ ಕಲ್ಲುಗಾರೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಸ್ಥಳ ಇನ್ನೊಂದು ಸಿಗುವುದು ಕಷ್ಟ.

ಮುಂದಿನದು ಅಂಕಿಗಳ ಕಾಲ. 1969ರಲ್ಲಿ ನೇಮಕವಾದ, ನ್ಯಾಯಮೂರ್ತಿ ಬಚಾವತ್ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣದ ಅಂತಿಮ ಆದೇಶ 1976ರ ಮೇ 31ರಂದು ಪ್ರಕಟವಾಯಿತು. ತುಂಗಭದ್ರಾ ಯೋಜನೆಯಲ್ಲಿ ಕರ್ನಾಟಕಕ್ಕೆ 138.99 ಟಿಎಂಸಿ ಅಡಿ, ಆಂಧ್ರಪ್ರದೇಶಕ್ಕೆ 73.01 ಟಿಎಂಸಿ ಅಡಿ. ಆವಿಯಾಗಿ ಹೋಗುವುದಕ್ಕೆ 18. ಸುಮಾರು 133 ಟಿಎಂಸಿ ಅಡಿಯೆಂದು ಎಣಿಸಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105ರ ಆಸುಪಾಸಿಗೆ ಇಳಿದಿದೆ. ತೀರ್ಪಿನ ಅಂಕಿಗಳು ಇಳಿದಿಲ್ಲ. ಸಂವಿಧಾನದ 262ನೆಯ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆಗಳ ಪ್ರಕಾರ ಈ ಪಾಲಿನ ವಿವಾದದಲ್ಲಿ ಕಕ್ಷಿಗಳಾಗುವವು ರಾಜ್ಯಗಳು, ರೈತರಲ್ಲ. ಹರಿಹರದ ಶಾಸನದಲ್ಲಿ ದುರಸ್ತಿಯ ಪಾಲು ನೀರಿನ ಪಾಲಿನಷ್ಟೇ ಸ್ಪಷ್ಟವಾಗಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋದಾಗ, ಹರಿವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಹೊಣೆ ಯಾರದೆಂಬ ಚರ್ಚೆ ಮಾತ್ರ ಬಹುಕಾಲ ನಡೆಯಿತು.

ನೀರಿನ ಗುಣದ ಪ್ರಶ್ನೆ ನ್ಯಾಯಾಲಯಕ್ಕೆ ಬಂದುದು ತೀರ ಈಚೆಗೆ. ಮಾಲಿನ್ಯವಿಲ್ಲದ ನೀರು ಜೀವಿಸುವ ಹಕ್ಕಿನ ಅಂಗವೆಂದು ಸುಭಾಷ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದುದು 1991ರಲ್ಲಿ. ಸಂಡೂರಿನ ಬೆಟ್ಟಗಳ ಕೆಂಪು ಮಣ್ಣು ಹಳ್ಳಗಳಿಗೆ ಇಳಿಯುತ್ತಿದ್ದ ಕಾಲದಲ್ಲಿ, ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಅದೇ ನ್ಯಾಯಾಲಯ ತಡೆಹಿಡಿಯಿತು. ವಾದ ನಡೆದುದು ಹೆಚ್ಚಾಗಿ ಅರಣ್ಯ ಮತ್ತು ಅದಿರಿನ ಹೆಸರಿನಲ್ಲಿ. ಹಳ್ಳದ ನೀರು ಕುಡಿಯುವವರಿಗೆ ದೊರೆತ ಉಪಶಮನ ಅದರ ನೆರಳಿನಲ್ಲಿ ಬಂದುದು.

ಸಾಮಾನ್ಯನು ವಕೀಲನಿಗೆ ದುಡ್ಡಿಲ್ಲದೆ ಏರಬಹುದಾದ ಮೆಟ್ಟಿಲು ಯಾವುದು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ ಸೇರಿದ ಅಧ್ಯಾಯವು ಖಾಯಂ ಜನತಾ ನ್ಯಾಯಾಲಯಗಳನ್ನು ಸ್ಥಾಪಿಸಿತು. ಅದರ ‘ಸಾರ್ವಜನಿಕ ಉಪಯುಕ್ತ ಸೇವೆ’ಗಳ ಪಟ್ಟಿಯಲ್ಲಿ ಸಾರ್ವಜನಿಕರಿಗೆ ಯಾವುದೇ ಸಂಸ್ಥೆ ಮಾಡುವ ನೀರು ಪೂರೈಕೆಯೂ ಇದೆ. ನಲ್ಲಿಗೆ ನೀರು ಬಾರದಿದ್ದರೆ, ಕೊಳಕು ನೀರು ಬಂದರೆ ಮೊಕದ್ದಮೆಗೆ ಮುಂಚೆಯೇ ಅಲ್ಲಿ ಅರ್ಜಿ ಕೊಡಬಹುದು, ನ್ಯಾಯಾಲಯ ಶುಲ್ಕವಿಲ್ಲ. ರಾಜಿಯಾಗದಿದ್ದರೆ ಆ ನ್ಯಾಯಾಲಯವೇ ಗುಣಾವಗುಣಗಳ ಮೇಲೆ ತೀರ್ಮಾನ ಕೊಡಬಲ್ಲುದು, ಅದು ಉಭಯರಿಗೂ ಬದ್ಧ. ಅರವಟ್ಟಿಗೆಯ ನೀರಿಗೆ ಬಾಯೊಡ್ಡಿದವನಿಗಿಲ್ಲದಿದ್ದ ಹಕ್ಕು ಹೀಗೆ ನಲ್ಲಿಯ ಮುಂದೆ ನಿಂತವನಿಗೆ ದೊರೆತಿದೆ. ಕಾಲುವೆಯ ಕೊನೆಯ ತೂಬಿನ ರೈತನಿಗೆ ಈ ಮಾರ್ಗ ಅಷ್ಟು ನೇರವಲ್ಲ. ಅವನ ದೂರು 1965ರ ಕರ್ನಾಟಕ ನೀರಾವರಿ ಕಾಯ್ದೆಯ ಪ್ರಕಾರ ಕಾಲುವೆ ಅಧಿಕಾರಿಯ ಮುಂದೆ ಹೋಗುತ್ತದೆ, ಅಂದರೆ ನೀರು ಬಿಡುವ ಇಲಾಖೆಯ ಮುಂದೆಯೇ.