ಅಣುಗಳ ಆಕಾರ: ಎಲೆಕ್ಟ್ರಾನ್ ಎಣಿಕೆಯಿಂದ ಹೇಳುವ ವಿಧಾನದ ಇತಿಹಾಸ

ಕೇಂದ್ರ ಪರಮಾಣುವಿನ ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಜೋಡಿಗಳಿವೆ ಎಂದು ಎಣಿಸಿ, ಅಣುವಿನ ಆಕಾರವನ್ನು ಮುಂಚಿತವಾಗಿ ಹೇಳುವ ವಿಧಾನಕ್ಕೆ ರಸಾಯನಶಾಸ್ತ್ರದಲ್ಲಿ ದೀರ್ಘ ಇತಿಹಾಸವಿದೆ. ಇದಕ್ಕೆ ಬೇಕಾಗುವುದು ಕಾಗದ, ಪೆನ್ಸಿಲು ಮತ್ತು ಆವರ್ತ ಕೋಷ್ಟಕ ಮಾತ್ರ. ಪ್ರಯೋಗಾಲಯವಿಲ್ಲದ ಹಳ್ಳಿಯ ಕಾಲೇಜಿನಲ್ಲೂ ಇದನ್ನು ಪೂರ್ತಿಯಾಗಿ ಕಲಿಸಬಹುದು. ಇದರ ದೊಡ್ಡ ಬಲ ಅದೇ.

ಈ ಎಣಿಕೆ ಏನು ಹೇಳಬಲ್ಲದು ಎಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಹೋಬಳಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಇಲ್ಲಿನ ಮುಖ್ಯ ಬೆಳೆ ಶೇಂಗಾ. ಚಳ್ಳಕೆರೆ ಪಟ್ಟಣ ಹೆಸರು ಮಾಡಿದ್ದು ಎಣ್ಣೆ ಮಿಲ್ಲುಗಳಿಂದ. ಶೇಂಗಾ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಒಲೀಯಿಕ್ ಆಮ್ಲ ಮುಖ್ಯವಾದುದು. ಅದರಲ್ಲಿ 18 ಇಂಗಾಲಗಳ ಸರಪಳಿಯಿದ್ದು, ನಡುವೆ ಒಂದು ಜೋಡಿಬಂಧವಿದೆ. ಎಣಿಕೆಯಲ್ಲಿ ಜೋಡಿಬಂಧವನ್ನು ಒಂದೇ ದಿಕ್ಕು ಎಂದು ಹಿಡಿಯುತ್ತಾರೆ. ಹಾಗಾಗಿ ಅಲ್ಲಿನ ಇಂಗಾಲದ ಸುತ್ತ ಮೂರು ದಿಕ್ಕುಗಳಲ್ಲಿ ಎಲೆಕ್ಟ್ರಾನ್‌ಗಳಿರುತ್ತವೆ, ಕೋನ ಸುಮಾರು 120 ಡಿಗ್ರಿ. ಆ ಎರಡು ಇಂಗಾಲಗಳ ಹೈಡ್ರೋಜನ್‌ಗಳು ಒಂದೇ ಬದಿಗೆ ಇರುವುದರಿಂದ ಸರಪಳಿ ಅಲ್ಲಿ ಬಾಗುತ್ತದೆ. ಬಾಗಿದ ಸರಪಳಿಗಳು ಒತ್ತೊತ್ತಾಗಿ ಕೂರಲಾರವು. ಅದಕ್ಕೇ ಒಲೀಯಿಕ್ ಆಮ್ಲ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಅಷ್ಟೇ ಉದ್ದದ, ಜೋಡಿಬಂಧವಿಲ್ಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಬೇಕು. ಎಣ್ಣೆಗೆ ಹೈಡ್ರೋಜನ್ ಸೇರಿಸಿದರೆ ಗಟ್ಟಿ ವನಸ್ಪತಿಯಾಗುವುದೂ ಇದರಿಂದಲೇ. ಆದರೆ ಎಣಿಕೆ ಹೇಳುವುದು ಕೋನವನ್ನಷ್ಟೆ. ಹೈಡ್ರೋಜನ್‌ಗಳು ಯಾವ ಬದಿಗೆ ಎಂಬುದನ್ನು ತೀರ್ಮಾನಿಸುವುದು ಗಿಡದೊಳಗಿನ ಕಿಣ್ವ.

ಅಣುವಿಗೆ ಮೂರು ಆಯಾಮಗಳಲ್ಲಿ ಆಕಾರವಿದೆ ಎಂಬ ಮಾತು ಎಲೆಕ್ಟ್ರಾನ್ ಪತ್ತೆಯಾಗುವ ಮೊದಲಿನದು. 1874ರಲ್ಲಿ ನೆದರ್‌ಲೆಂಡ್ಸ್‌ನ ಫಾಂಟ್ ಹಾಫ್ ಮತ್ತು ಫ್ರಾನ್ಸ್‌ನ ಲ ಬೆಲ್, ಒಬ್ಬರಿಗೊಬ್ಬರು ತಿಳಿಸದೆಯೇ, ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆ ಎಂದರು. ಏಕೆ ಹಾಗೆ ಎಂಬುದಕ್ಕೆ ಆಗ ಉತ್ತರವಿರಲಿಲ್ಲ. 1916ರಲ್ಲಿ ಅಮೆರಿಕದ ಜಿ.ಎನ್. ಲೂಯಿಸ್ ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು ತೋರಿಸಿದ ಮೇಲೆ ಎಣಿಸಲು ಏನೋ ಒಂದು ಸಿಕ್ಕಿತು. ಇಂದಿಗೂ ವಿದ್ಯಾರ್ಥಿಗಳು ಹಾಕುವ ಚುಕ್ಕಿ ಚಿತ್ರಗಳು ಅವರವೇ.

ಎಣಿಕೆಗೂ ಆಕಾರಕ್ಕೂ ನಂಟು ಹಾಕಿದವರಲ್ಲಿ ಜಪಾನಿನ ರ್ಯುತಾರೊ ತ್ಸುಚಿದಾ (1939) ಮೊದಲಿಗರು. ಮರುವರ್ಷ ಇಂಗ್ಲೆಂಡಿನ ಸಿಡ್ಜ್‌ವಿಕ್ ಮತ್ತು ಪೊವೆಲ್ ರಾಯಲ್ ಸೊಸೈಟಿಯ ಬೇಕರಿಯನ್ ಉಪನ್ಯಾಸದಲ್ಲಿ ಅದನ್ನೇ ವಿಸ್ತಾರವಾಗಿ ಮಂಡಿಸಿದರು: ಎರಡು ಜೋಡಿಯಾದರೆ ನೇರ ರೇಖೆ, ಮೂರಾದರೆ ತ್ರಿಕೋನ, ನಾಲ್ಕಾದರೆ ಚತುರ್ಮುಖಿ, ಆರಾದರೆ ಅಷ್ಟಮುಖಿ. ಇಷ್ಟೇ ಬಲೂನುಗಳನ್ನು ಬುಡದಲ್ಲಿ ಕಟ್ಟಿ ಬಿಟ್ಟರೆ ತಾವಾಗಿಯೇ ಇದೇ ಆಕಾರಗಳಿಗೆ ಹೊಂದಿಕೊಳ್ಳುತ್ತವೆ. ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿಲ್ಲ.

ನಿಜವಾದ ಹೆಜ್ಜೆ 1957ರದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರೊನಾಲ್ಡ್ ಗಿಲೆಸ್ಪಿ ಮತ್ತು ಆಸ್ಟ್ರೇಲಿಯಾ ಮೂಲದ ರೊನಾಲ್ಡ್ ನೈಹೋಮ್, ಎಲ್ಲ ಜೋಡಿಗಳೂ ಸಮವಲ್ಲ ಎಂದರು. ಬಂಧಕ್ಕೆ ಸೇರದ ಒಂಟಿ ಜೋಡಿ ಹೆಚ್ಚು ಜಾಗ ಹಿಡಿಯುತ್ತದೆ, ಪಕ್ಕದ ಬಂಧಗಳನ್ನು ಒತ್ತುತ್ತದೆ. ನೀರನ್ನು ನೋಡಿ. ಆಮ್ಲಜನಕದ 6 ಎಲೆಕ್ಟ್ರಾನ್, ಎರಡು ಹೈಡ್ರೋಜನ್‌ಗಳ ತಲಾ ಒಂದು, ಒಟ್ಟು 8, ಅಂದರೆ ನಾಲ್ಕು ಜೋಡಿ. ಎರಡು ಬಂಧಕ್ಕೆ ಹೋದವು, ಎರಡು ಒಂಟಿಯಾಗಿ ಉಳಿದವು. ಒಂಟಿ ಜೋಡಿಯಿಲ್ಲದ ಮೀಥೇನ್‌ನಲ್ಲಿ ಕೋನ 109.5 ಡಿಗ್ರಿ, ಒಂದಿರುವ ಅಮೋನಿಯಾದಲ್ಲಿ ಸುಮಾರು 107, ಎರಡಿರುವ ನೀರಿನಲ್ಲಿ 104.5. ಕೋನದ ಈ ಇಳಿಕೆಯನ್ನು ಒಂದೇ ವಾಕ್ಯದಲ್ಲಿ ವಿವರಿಸಿದ್ದು ಈ ಸಿದ್ಧಾಂತದ ಸೊಗಸು. ವಿಎಸ್‌ಇಪಿಆರ್ (ಹೊರಕವಚದ ಎಲೆಕ್ಟ್ರಾನ್ ಜೋಡಿಗಳ ವಿಕರ್ಷಣೆ) ಎಂಬ ಹೆಸರು ಆಮೇಲೆ ಬಂತು. ಜೋಡಿಗಳು ದೂರ ಸರಿಯುವುದಕ್ಕೆ ವಿದ್ಯುತ್ ವಿಕರ್ಷಣೆಗಿಂತ, ಒಂದೇ ಸ್ಪಿನ್‌ನ ಎಲೆಕ್ಟ್ರಾನ್‌ಗಳು ಒಂದೇ ಜಾಗದಲ್ಲಿ ಇರಲಾರವು ಎಂಬ ಪೌಲಿ ನಿಯಮವೇ ಮುಖ್ಯ ಕಾರಣವೆಂದು ಗಿಲೆಸ್ಪಿ ಒತ್ತಿ ಹೇಳುತ್ತಿದ್ದರು. ಪಾಠ ಹೇಳುವಾಗ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಪರೀಕ್ಷೆ ಬೇಗನೆ ಎದುರಾಯಿತು. 1962ರಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನ್‌ನ ಸಂಯುಕ್ತ ತಯಾರಿಸಿದ ಬೆನ್ನಲ್ಲೇ ಅದರ ಫ್ಲೋರೈಡುಗಳು ಬಂದವು. ಎರಡು ಫ್ಲೋರಿನ್ ಇರುವುದು ನೇರ ರೇಖೆ, ನಾಲ್ಕಿರುವುದು ಸಮತಲ ಚೌಕ. ಎರಡೂ ಎಣಿಕೆಗೆ ಹೊಂದಿದವು. ಆರು ಫ್ಲೋರಿನ್‌ಗಳದ್ದೇ ಜಗಳ. ಒಂಟಿ ಜೋಡಿಯೊಂದು ಉಳಿದಿರುವುದರಿಂದ ಅದು ಸರಿಯಾದ ಅಷ್ಟಮುಖಿಯಾಗಿರಲಾರದು ಎಂದು ಗಿಲೆಸ್ಪಿ ಹೇಳಿದರು. ಎದುರು ವಾದಗಳಿದ್ದವು. 1960ರ ದಶಕದ ಕೊನೆಯ ಎಲೆಕ್ಟ್ರಾನ್ ವಿವರ್ತನೆ ಪ್ರಯೋಗಗಳು ಗಿಲೆಸ್ಪಿಯವರ ಮಾತನ್ನೇ ಎತ್ತಿಹಿಡಿದವು. ಸೋಲೂ ಇದೆ: ಅನಿಲರೂಪದ ಬೇರಿಯಂ ಫ್ಲೋರೈಡ್ ನೇರವಾಗಿರಬೇಕಿತ್ತು, ಬಾಗಿದೆ. ಕಬ್ಬಿಣ, ತಾಮ್ರದಂಥ ಸಂಕ್ರಮಣ ಲೋಹಗಳಲ್ಲಿ ಈ ಎಣಿಕೆ ಹಲವೆಡೆ ಕೈಕೊಡುತ್ತದೆ.

ಬೋರಾನ್‌ನ ಹೈಡ್ರೈಡುಗಳಲ್ಲಂತೂ ಜೋಡಿಗೊಂದು ಬಂಧ ಎಂಬ ಲೆಕ್ಕವೇ ಕೂಡುವುದಿಲ್ಲ, ಎಲೆಕ್ಟ್ರಾನ್‌ಗಳು ಸಾಲವು. ಪರಮಾಣುಗಳು ಪಂಜರವಾಗಿ ಕೂಡಿಕೊಂಡು ಎಲೆಕ್ಟ್ರಾನ್‌ಗಳನ್ನು ಒಟ್ಟಾಗಿ ಹಂಚಿಕೊಳ್ಳುತ್ತವೆ. 1971ರಲ್ಲಿ ಕೆನ್ ವೇಡ್ ಇದಕ್ಕೂ ಎಣಿಕೆ ಕಂಡುಕೊಂಡರು: n ಮೂಲೆಗಳ ಮುಚ್ಚಿದ ಪಂಜರಕ್ಕೆ n+1 ಜೋಡಿ. ಆದರೆ ಹಲವು ಪಂಜರಗಳು ಬೆಸೆದುಕೊಂಡ ಅಣುಗಳಿಗೆ ಇದು ಸಾಲಲಿಲ್ಲ. ಆ ಕೊರತೆ ನೀಗಿದ್ದು ಭಾರತದಲ್ಲಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದ ಇ.ಡಿ. ಜೆಮ್ಮಿಸ್ ಮತ್ತು ಸಂಗಡಿಗರು 2001ರಲ್ಲಿ ಎಂಎನ್ಒ ನಿಯಮ ಪ್ರಕಟಿಸಿದರು. ಪಂಜರಗಳ ಸಂಖ್ಯೆ, ಮೂಲೆಗಳ ಸಂಖ್ಯೆ, ಎರಡು ಪಂಜರಗಳು ಒಂದೇ ಮೂಲೆಯಲ್ಲಿ ಸೇರುವ ಕಡೆಗಳು, ಖಾಲಿ ಉಳಿದ ಮೂಲೆಗಳು: ಇವನ್ನು ಕೂಡಬೇಕು, ಟೋಪಿಯಂತೆ ಮೇಲೆ ಕೂತ ಮೂಲೆಗಳಿದ್ದರೆ ಕಳೆಯಬೇಕು. ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣ ಕೂತಿರುವ ಫೆರೋಸೀನ್‌ಗೆ ಹಚ್ಚಿ ನೋಡಿದರೆ 2+11+1+2, ಒಟ್ಟು 16 ಜೋಡಿ. ಹತ್ತು ಸಿಎಚ್ ಗುಂಪುಗಳ ತಲಾ ಮೂರು ಎಲೆಕ್ಟ್ರಾನ್, ಕಬ್ಬಿಣದ ಎರಡು, ಒಟ್ಟು 32, ಲೆಕ್ಕ ಸರಿಹೋಯಿತು. ಬೋರಾನ್ ಮತ್ತು ಕಬ್ಬಿಣದ ಅಣುಗಳನ್ನು ಒಂದೇ ಸೂತ್ರದ ಕೆಳಗೆ ತಂದದ್ದು ಸಣ್ಣ ಸಾಧನೆಯಲ್ಲ. ಜೆಮ್ಮಿಸ್ 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಅದೇ ಸಂಸ್ಥೆಯ ಎರಡನೇ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ವಿಎಸ್‌ಇಪಿಆರ್ ಇಂದು ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಪಾಠ. ವೇಡ್ ಮತ್ತು ಜೆಮ್ಮಿಸ್ ನಿಯಮಗಳು ಸ್ನಾತಕೋತ್ತರ ತರಗತಿಗಳಲ್ಲಿ ಬರುತ್ತವೆ. ಅಣುವಿನ ಆಕಾರವನ್ನು ಕಂಪ್ಯೂಟರ್ ಕರಾರುವಾಕ್ಕಾಗಿ ಲೆಕ್ಕ ಹಾಕುವ ಈ ಕಾಲದಲ್ಲೂ, ಯಾವ ಆಕಾರದಿಂದ ಲೆಕ್ಕ ಶುರುಮಾಡಬೇಕು ಎಂದು ಸಂಶೋಧಕರು ಮೊದಲು ನೋಡುವುದು ಹೆಚ್ಚಾಗಿ ಈ ಎಣಿಕೆಯನ್ನೇ.