ಗಾಂಜಾ ಗಿಡ: ಯಾವ ಭಾಗ ಯಾವುದಕ್ಕೆ, ಯಾವುದು ಅಪರಾಧ

ಉಡುಮಲೈಪೇಟೆ, ತಾಳವಾಡಿ, ಹೊಸೂರು, ಕಾಸರಗೋಡು ಕಡೆಯ ನಮ್ಮ ಸದಸ್ಯರಿಗೆ ಮನೆಯಲ್ಲಿ ಒಂದು ಭಾಷೆ, ಅಂಗಡಿ ಮತ್ತು ಠಾಣೆಯಲ್ಲಿ ಇನ್ನೊಂದು. ಹೀಗಾಗಿ ಗಿಡಗಳ ಹೆಸರು ಬೆರೆತುಹೋಗುತ್ತವೆ. ಹೆಂಪ್ ಬೀಜ, ಹೆಂಪ್ ಎಣ್ಣೆ, ಹೆಂಪ್ ಬಟ್ಟೆ ಎಂದು ಮೊಬೈಲಿನಲ್ಲೇ ಮಾರಾಟಕ್ಕೆ ಬರುತ್ತಿವೆ. ಇನ್ನೊಂದು ಕಡೆ ಅದೇ ಗಿಡದ ಹೂವಿಗಾಗಿ ಹುಡುಗರು ಜೈಲು ಸೇರುತ್ತಿದ್ದಾರೆ. ಯಾವುದು ಏನು ಎಂಬುದನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ಕೊಟ್ಟಿದ್ದೇವೆ.

ಗಿಡದ ಪರಿಚಯ

ಸಸ್ಯಶಾಸ್ತ್ರದ ಹೆಸರು ಕ್ಯಾನಬಿಸ್ ಸಟೈವಾ. ಇದರಲ್ಲಿ ಸಾಮಾನ್ಯವಾಗಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಗಾಳಿಯಿಂದ ಪರಾಗಸ್ಪರ್ಶ. ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ವಸ್ತು ಹೆಚ್ಚಾಗಿರುವುದು ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿ.

ಕಾಂಡ

ಕಾಂಡದ ಹೊರಸಿಪ್ಪೆಯಿಂದ ಗಟ್ಟಿ ನಾರು ಬರುತ್ತದೆ. ಹಗ್ಗ, ಕಾಗದ, ಬಟ್ಟೆ ಇದರಿಂದ ಆಗುತ್ತವೆ. ಒಳಗಿನ ಬೆಂಡನ್ನು ಸುಣ್ಣದೊಂದಿಗೆ ಬೆರೆಸಿ ಗೋಡೆ ಕಟ್ಟುವುದು ಈಗ ಹೊರದೇಶಗಳಲ್ಲಿ ನಡೆದಿದೆ. ಈ ಗುಟ್ಟು ನಮ್ಮವರಿಗೂ ಗೊತ್ತಿತ್ತು: ಎಲ್ಲೋರದ ಗುಹೆಗಳ ಗಾರೆಯಲ್ಲಿ ಈ ಗಿಡದ ನಾರು ಬೆರೆಸಿರುವುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೈಗಾರಿಕೆಗೆಂದು ಬೆಳೆಯಲು ಉತ್ತರಾಖಂಡ 2018ರಲ್ಲಿ ಪರವಾನಗಿ ಕೊಡಲು ಆರಂಭಿಸಿತು. ಅಲ್ಲಿ ಟಿಎಚ್‌ಸಿ ಶೇ. 0.3 ಮೀರಬಾರದು.

ಬೀಜ

ಬೀಜದಲ್ಲಿ ಅಮಲಿಲ್ಲ. ತೂಕದ ಸುಮಾರು ಮೂರನೇ ಒಂದು ಭಾಗ ಎಣ್ಣೆ, ಕಾಲು ಭಾಗದಷ್ಟು ಪ್ರೋಟೀನು. ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2021ರ ನವೆಂಬರಿನಲ್ಲಿ ನಿಯಮ ಪ್ರಕಟಿಸಿದೆ. ಕೊಳ್ಳುವವರು ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆ ನೋಡಿಕೊಳ್ಳಬೇಕು. ಬೀಜ ತಿನ್ನಬಹುದು ಎಂದ ಮಾತ್ರಕ್ಕೆ ಹಿತ್ತಿಲಲ್ಲಿ ಬಿತ್ತಬಹುದು ಎಂದಲ್ಲ. ಅನುಮತಿಯಿಲ್ಲದೆ ಗಿಡ ಬೆಳೆದರೆ 10 ವರ್ಷದವರೆಗೆ ಶಿಕ್ಷೆ ಇದೆ.

ಎಲೆ

ಎಲೆಯೇ ಭಂಗಿ ಸೊಪ್ಪು. 1961ರ ಅಂತರರಾಷ್ಟ್ರೀಯ ಒಪ್ಪಂದವೂ, ಅದನ್ನು ಅನುಸರಿಸಿದ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯೂ ಹೂವಿನ ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜವನ್ನು ಗಾಂಜಾದ ಅರ್ಥದಿಂದ ಹೊರಗಿಟ್ಟಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಜಾಮೀನು ಆದೇಶದಲ್ಲಿ, ಭಂಗಿ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂಬ ಅಭಿಪ್ರಾಯ ತಾಳಿತು. ಆದರೆ ಎಲೆಯ ವಿಷಯದಲ್ಲಿ ಪ್ರತಿ ರಾಜ್ಯದ ಅಬಕಾರಿ, ಪಾನನಿಷೇಧ ಕಾನೂನು ಬೇರೆ. ಉತ್ತರಪ್ರದೇಶ, ರಾಜಸ್ಥಾನಗಳಲ್ಲಿ ಭಂಗಿಗೆ ಪರವಾನಗಿ ಅಂಗಡಿಗಳಿವೆ. ಕಾಶಿಯಾತ್ರೆಗೆ ಹೋದವರು ಅಲ್ಲಿ ಸಿಕ್ಕಿತೆಂದು ಚೀಲದಲ್ಲಿಟ್ಟುಕೊಂಡು ಬರುವುದು ಬೇಡ.

ಹೂ ಮತ್ತು ಅಂಟು

ಹೂ ಅಥವಾ ಕಾಯಿ ಬಿಟ್ಟ ತುದಿಯೇ ಗಾಂಜಾ. ಬೇರ್ಪಡಿಸಿದ ಅಂಟು ಚರಸ್. ಉತ್ತರ ಕರ್ನಾಟಕದ ಕೆಲವು ಶರಣ, ಆರೂಢ, ಅವಧೂತ ಪಂಥಗಳಲ್ಲಿ ಗಾಂಜಾ ಪ್ರಸಾದವಾಗಿ ಬಳಕೆಯಲ್ಲಿದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯ ಬಗ್ಗೆ 2020ರಲ್ಲಿ ಪತ್ರಿಕೆಗಳೂ ಬರೆದವು. ಸಂಪ್ರದಾಯ ಎಂಬ ಕಾರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ.

ಗಾಂಜಾ 1 ಕಿಲೋವರೆಗೆ, ಚರಸ್ 100 ಗ್ರಾಂವರೆಗೆ ಅಲ್ಪ ಪ್ರಮಾಣ: ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕೆ ಮೇಲ್ಪಟ್ಟರೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಗಾಂಜಾ 20 ಕಿಲೋ, ಚರಸ್ 1 ಕಿಲೋ ದಾಟಿದರೆ ಅದು ವ್ಯಾಪಾರದ ಪ್ರಮಾಣ: 10ರಿಂದ 20 ವರ್ಷ ಸಜೆ, ಜೊತೆಗೆ 1ರಿಂದ 2 ಲಕ್ಷ ದಂಡ, ಜಾಮೀನು ಸಿಗುವುದೂ ಬಹಳ ಕಷ್ಟ.

ಗಡಿ ದಾಟಿ ಓಡಾಡುವ ನಾವು ಒಂದು ಮಾತು ನೆನಪಿಡಬೇಕು. ಗುರುತಿಲ್ಲದವರು “ಇದನ್ನು ಆ ಊರಲ್ಲಿ ಕೊಟ್ಟುಬಿಡಿ” ಎಂದು ಕೊಟ್ಟ ಗಂಟನ್ನು ಬಸ್ಸಿನಲ್ಲಾಗಲಿ, ವ್ಯಾನಿನಲ್ಲಾಗಲಿ ಒಯ್ಯಬೇಡಿ. ಸಿಕ್ಕಿದವರು ತಮಗೆ ಗೊತ್ತಿರಲಿಲ್ಲ ಎಂದು ತಾವೇ ರುಜುವಾತು ಮಾಡಬೇಕಾಗುತ್ತದೆ. ಸಾಗಿಸಿದ ವಾಹನವೂ ಮುಟ್ಟುಗೋಲಾಗಬಹುದು.

ಔಷಧ

ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರಿದೆ. ಗಿಡದ ಇನ್ನೊಂದು ಅಂಶವಾದ ಸಿಬಿಡಿಯಿಂದ ಮಾಡಿದ ಔಷಧಿಗೆ, ಮಕ್ಕಳ ಕೆಲವು ತೀವ್ರ ಮೂರ್ಛೆರೋಗಗಳಿಗಾಗಿ, ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಇವೆಲ್ಲ ವೈದ್ಯರ ಚೀಟಿಯ ಮೇಲೆ, ಅಳತೆ ಮಾಡಿ ಕೊಡುವಂಥವು. ಹದಿವಯಸ್ಸಿನಲ್ಲಿ ಸೇದುವ ಅಭ್ಯಾಸ ನೆನಪಿನ ಶಕ್ತಿಗೂ ಕಲಿಕೆಗೂ ಪೆಟ್ಟು; ಕೆಲವರಲ್ಲಿ ಭ್ರಮೆ, ಸಂಶಯದ ಕಾಯಿಲೆಗೂ ದಾರಿ. ಗಿರಣಿಯ ಯಂತ್ರದ ಮುಂದೆ ನಿಲ್ಲುವವರಿಗೆ ಅದು ಕೈಕಾಲಿನ ಪ್ರಶ್ನೆ.

ಹೋಲುವ ಗಿಡಗಳು

ಗದ್ದೆಗೆ ಹಸಿರುಗೊಬ್ಬರವಾಗಿ ಬಿತ್ತುವ ಸೆಣಬು, ತಮಿಳಿನಲ್ಲಿ ಸಣಪ್ಪು, ದ್ವಿದಳ ಜಾತಿಯದು. ಹಳದಿ ಹೂ ಬಿಡುತ್ತದೆ. ಪುಂಡಿ ಸೊಪ್ಪು, ಇಲ್ಲಿ ಪುಳಿಚ್ಚ ಕೀರೈ, ದಾಸವಾಳದ ಬಳಗ. ಅದರ ಎಲೆ ಗಾಂಜಾ ಎಲೆಯಂತೆ ಬೆರಳು ಬೆರಳಾಗಿ ಸೀಳಿರುವುದರಿಂದ ಶಾಸ್ತ್ರದಲ್ಲಿ ಹೈಬಿಸ್ಕಸ್ ಕ್ಯಾನಬೈನಸ್ ಎಂಬ ಹೆಸರು ಬಂದಿದೆ. ಬಾಯಿಗಿಟ್ಟರೆ ಹುಳಿ. ಇವೆರಡಕ್ಕೂ ಗಾಂಜಾಕ್ಕೂ ನಂಟಿಲ್ಲ, ಹೆದರಬೇಕಾಗಿಲ್ಲ.

ಮನೆಯಲ್ಲಿ ತೊಂದರೆಯಿದ್ದರೆ

ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ, ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ಬಿಡುಗಡೆಗೆ ಅವಕಾಶವಿದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ಅವಕಾಶ ತಪ್ಪಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕರೆಗೆ ಶುಲ್ಕವಿಲ್ಲ. ಈ ಸಂಖ್ಯೆಯನ್ನು ಸದಸ್ಯರು ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ