ಹಿತ್ತಾಳೆಯ ತೋಟಾ, ಕರಾವಳಿಯ ಮಳೆ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹಿತ್ತಾಳೆಯ ಒಂದು ವಸ್ತುವನ್ನಾದರೂ ಮನೆಯಲ್ಲಿಟ್ಟುಕೊಂಡವರಿಗೆ ಆಷಾಢದ ಗಾಳಿಯ ಗುಣವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಇಂದು ತಿಕ್ಕಿ ತೊಳೆದ ದೀಪ ನಾಲ್ಕು ದಿನದಲ್ಲಿ ಕಂದುತ್ತದೆ. ಹಾಗೆಯೇ ಬಿಟ್ಟರೆ ಅದರ ಸಂದಿಗಳಲ್ಲಿ ಹಸಿರು ಕಿಲುಬು ಏಳುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ಈ ನೆಲದಲ್ಲಿ ಹಿತ್ತಾಳೆಯನ್ನು ಬೆಳಗುವುದೆಂದರೆ ಎಂದೂ ಮುಗಿಯದ ಕೆಲಸ. ದೀಪ ತಂಬಿಗೆಗಳ ಮಾತು ಎಲ್ಲರಿಗೂ ಗೊತ್ತು. ಅದೇ ಲೋಹದ ಇನ್ನೊಂದು ವಸ್ತು, ಬಂದೂಕಿನ ತೋಟಾ, ನಮ್ಮ ಮಳೆಗಾಲದಲ್ಲಿ ಪಟ್ಟ ಪಾಡು ಲೋಹಶಾಸ್ತ್ರದ ಚರಿತ್ರೆಯಲ್ಲಿ ಒಂದು ಅಧ್ಯಾಯವೇ ಆಗಿದೆ ಎಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಆ ಚರಿತ್ರೆಯನ್ನೂ, ಖಾಲಿ ತೋಟಾಗಳನ್ನು ಬೆಳಗಲು ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಒಂದು ಉರುಳುಡಬ್ಬದ ಸಂಗತಿಯನ್ನೂ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಲೋಹದ ಮಾತು. ಹಿತ್ತಾಳೆಯ ತಾಯಿ ತಾಮ್ರ. ಆ ತಾಮ್ರ ಈ ಕರಾವಳಿಗೆ ಹಡಗಿನ ಮೇಲೆ ಬಂದದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರದ ವ್ಯಾಪಾರವನ್ನು ಬರೆದಿಟ್ಟ ಪೋರ್ತುಗೀಜ ದುವಾರ್ತೆ ಬಾರ್ಬೋಸ ಭಟ್ಕಳದ ರೇವಿಗೆ ಇಳಿಯುತ್ತಿದ್ದ ಸರಕುಗಳಲ್ಲಿ ಕುದುರೆಗಳ ಜೊತೆಗೆ ತಾಮ್ರವನ್ನೂ ಹೆಸರಿಸಿದ್ದಾನೆ. ಅದು ಘಟ್ಟ ಹತ್ತಿ ಒಳನಾಡಿಗೆ ಹೋಗಿ ನಾಣ್ಯವಾಗುತ್ತಿತ್ತು, ಹಂಡೆ ಕೊಪ್ಪರಿಗೆಗಳಾಗುತ್ತಿತ್ತು. ಹಿಂದಿರುಗುವ ಹಡಗುಗಳಿಗೆ ಅಕ್ಕಿ, ಸಕ್ಕರೆ, ಕಬ್ಬಿಣ ಸಿಗುತ್ತಿದ್ದುವು. ಬಂದ ತಾಮ್ರವನ್ನು ತಟ್ಟುವ, ಎರೆಯುವ ಕಂಚುಗಾರರ ಕಸಬು ಈ ಜಿಲ್ಲೆಯಲ್ಲಿ ಬೇರುಬಿಟ್ಟದ್ದು ಸಹಜವೇ.

ಇದೇ ರೇವುಗಳು ಸಿಡಿಮದ್ದಿನ ವಾಸನೆಯನ್ನೂ ಬೇಕಾದಷ್ಟು ಕಂಡಿವೆ. 1542ರಲ್ಲಿ ಮಾರ್ತಿಂ ಅಫೋನ್ಸೊ ದ ಸೋಜನ ಪೋರ್ತುಗೀಜ ಪಡೆ ಭಟ್ಕಳವನ್ನು ಸೂರೆಮಾಡಿತು. 1783-84ರಲ್ಲಿ ಹೊನ್ನಾವರದ ಕೋಟೆಯೊಳಗೆ ಕ್ಯಾಪ್ಟನ್ ಟೊರಿಯಾನೊ ಎಂಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಪಡೆಯ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದುಕೊಂಡು ಕುಳಿತಿದ್ದ. ಆದರೆ ಈ ಯಾವ ಕಾಳಗದಲ್ಲಿಯೂ ಹಿತ್ತಾಳೆಯ ತೋಟಾ ಇರಲಿಲ್ಲ. ಮದ್ದು ಬೇರೆ, ಗುಂಡು ಬೇರೆ. ಬಹಳವೆಂದರೆ ಎರಡನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ, ಕೊಬ್ಬು ಸವರಿದ ತೋಟಾ ಕೂಡ ಕಾಗದದ್ದೇ. ನಮ್ಮ ಐತಿಹಾಸಿಕ ಚಲಚ್ಚಿತ್ರಗಳು ಇದನ್ನು ಕೆಲವೊಮ್ಮೆ ಮರೆಯುತ್ತವೆ.

ಹಿತ್ತಾಳೆ ಬಂದದ್ದು ಆಮೇಲೆ. 1866ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ಕರ್ನಲ್ ಬಾಕ್ಸರ್ ಸ್ನೈಡರ್ ಬಂದೂಕಿಗಾಗಿ ತೆಳು ಹಿತ್ತಾಳೆಯ ಹಾಳೆಯನ್ನು ಸುತ್ತಿ ತೋಟಾ ಮಾಡಿದ. ಸುತ್ತಿದ ಹಾಳೆ ಬಿಸಿಗೂ ಮರಳಿಗೂ ಸಿಕ್ಕಿ ಬಂದೂಕಿನೊಳಗೇ ಕಚ್ಚಿಕೊಳ್ಳತೊಡಗಿದಾಗ, 1880ರ ದಶಕದಲ್ಲಿ ಒಂದೇ ತುಂಡಿನಿಂದ ಎಳೆದು ಮಾಡಿದ ಗಟ್ಟಿ ಕೊಳವೆ ಅದರ ಸ್ಥಾನಕ್ಕೆ ಬಂದಿತು. ನೂರು ಪಾಲಿನಲ್ಲಿ ಎಪ್ಪತ್ತು ತಾಮ್ರ, ಮೂವತ್ತು ಸತುವು. ಈ ಹದದ ಹಿತ್ತಾಳೆಯನ್ನು ಬಿಲ್ಲೆಯಾಗಿ ಕತ್ತರಿಸಿ, ಬಟ್ಟಲಾಗಿ ಒತ್ತಿ, ಆ ಬಟ್ಟಲನ್ನು ಹಂತಹಂತವಾಗಿ ಉದ್ದಕ್ಕೆ ಎಳೆಯುತ್ತಾರೆ. ಹಾರಿಸಿದಾಗ ಕೊಳವೆ ಹಿಗ್ಗಿ ನಳಿಕೆಯ ಗೋಡೆಗೆ ಒತ್ತಿಕೊಂಡು ಹೊಗೆಯನ್ನು ತಡೆಯುತ್ತದೆ; ಮರುಕ್ಷಣ ಕುಗ್ಗಿ ಸಡಿಲಾಗುತ್ತದೆ. ಒಮ್ಮೆ ಹಾರಿಸಿದ ಮಾತ್ರಕ್ಕೆ ಅದು ಕೆಡುವುದಿಲ್ಲ. ಆದುದರಿಂದಲೇ ಖಾಲಿ ತೋಟಾಕ್ಕೆ ಬೆಲೆ, ಅದನ್ನು ಬೆಳಗುವ ಯೋಚನೆ.

ಈಗ ಮಳೆಗಾಲದ ಕಥೆಗೆ ಬರೋಣ. ಗಟ್ಟಿ ಹಿತ್ತಾಳೆಯ ತೋಟಾಗಳು ಭಾರತದ ಸೈನ್ಯಕ್ಕೆ ಬಂದ ಮೇಲೆ ಒಂದು ವಿಚಿತ್ರ ಕಂಡುಬಂದಿತು. ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಇದ್ದ, ಯಾರೂ ಹಾರಿಸದ, ಯಾರೂ ಬೀಳಿಸದ ತೋಟಾಗಳು ಮಳೆಗಾಲ ಕಳೆಯುವಷ್ಟರಲ್ಲಿ ಬಾಯಿಯ ಬಳಿ ಸೀಳಿರುತ್ತಿದ್ದುವು. ಮೇಲೆ ನೋಡಿದರೆ ಹೊಳಪು ಹೋಗಿರಲಿಲ್ಲ. ಒಳಗೆ ಕೂದಲೆಳೆಯಂಥ ಬಿರುಕು. ಋತುವಿನೊಂದಿಗೆ ಬರುವ ರೋಗವೆಂದು ಇಂಗ್ಲಿಷರು ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಿಟ್ಟರು. ನಾವು ಋತುಬಿರುಕು ಎನ್ನಬಹುದು. ಸೆಕೆಯೇ ಕಾರಣವೆಂದು ಕೆಲವರು, ಹಿತ್ತಾಳೆಯೇ ಕಳಪೆಯೆಂದು ಕೆಲವರು ಊಹಿಸಿದರು.

ಗುಟ್ಟು ಬಿಚ್ಚಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರ ಸಂಶೋಧನೆಯಿಂದ. ಮಳೆಗಾಲದಲ್ಲಿ ಈ ತೋಟಾಗಳನ್ನು ಇಡುತ್ತಿದ್ದದ್ದು ಕುದುರೆ ಲಾಯದಲ್ಲಿ, ಇಲ್ಲವೆ ಅದರ ಆಸುಪಾಸಿನಲ್ಲಿ. ಲಾಯದಲ್ಲಿ ಮೂತ್ರ ಕೊಳೆತು ಏಳುವ, ಮೂಗಿಗೆ ಅಡರುವ ಗಾಳಿಯಿದೆಯಲ್ಲ, ಅದು ಅಮೋನಿಯ. ಎಳೆದು ಮಾಡಿದ ಕೊಳವೆಯೊಳಗೆ, ಬಿಗಿದ ತಂತಿಯಲ್ಲಿರುವಂತೆ, ಕಣ್ಣಿಗೆ ಕಾಣದ ಬಿಗುಪು ಉಳಿದಿರುತ್ತದೆ. ತೇವವೂ ಅಮೋನಿಯವೂ ಕೂಡಿ ಆ ಬಿಗಿದ ಲೋಹದ ಕಣಗಳ ನಡುವಣ ಸಂದಿಯನ್ನು ಹಿಡಿದು ಒಳಕ್ಕೆ ಕೊರೆಯುತ್ತವೆ. ಬಿಗುಪು ಇಲ್ಲದಿದ್ದರೆ ಬಿರುಕಿಲ್ಲ, ಅಮೋನಿಯ ಇಲ್ಲದಿದ್ದರೂ ಬಿರುಕಿಲ್ಲ. ಕಾರ್ಖಾನೆಯಲ್ಲಿಯೇ ಸುಮಾರು 250 ಡಿಗ್ರಿ ಸೆಂಟಿಗ್ರೇಡಿನ ಹದವಾದ ಕಾವು ಕೊಟ್ಟರೆ ಲೋಹ ಮೆತ್ತಗಾಗದೆ ಬಿಗುಪು ಮಾತ್ರ ಇಳಿಯುತ್ತದೆಂದು ತಿಳಿದ ಮೇಲೆ ರೋಗ ಹತೋಟಿಗೆ ಬಂದಿತು. ಇದನ್ನು ಓದಿ ಯಾರೂ ಮನೆಯ ಒಲೆಯಲ್ಲಿ ತೋಟಾ ಕಾಯಿಸಲು ಹೋಗಬಾರದು. ಬುಡ ಮೆತ್ತಗಾದ ತೋಟಾ ಹಾರಿಸುವವನ ಮುಖದ ಮುಂದೆಯೇ ಒಡೆಯುತ್ತದೆ.

ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಕುಮಟೆಯ ಒಳಹಳ್ಳಿಗಳಲ್ಲಿ, ಹೊನ್ನಾವರದ ಅಡಕೆ ತೋಟಗಳ ಅಂಚಿನಲ್ಲಿ, ಹಂದಿ ಮಂಗಗಳ ಕಾಟಕ್ಕೆಂದು ಪರವಾನಿಗೆಯ ಕೋವಿ ಇಟ್ಟುಕೊಂಡ ರೈತರಿದ್ದಾರೆ. ಹೆಚ್ಚಿನವು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಬೆಳೆರಕ್ಷಣೆಯ ಮಾತೆತ್ತುವುದು ಇಂಥ ಕೋವಿಯನ್ನು ಹೆಸರಿಸಿಯೇ. ತೋಟಾ ಹಾಕುವ ಕೋವಿಯಿದ್ದ ಮನೆಗಳೂ ಉಂಟು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದನದ ಕೊಟ್ಟಿಗೆ ಎಷ್ಟು ದೂರ? ಒಂದು ಗೋಡೆಯಾಚೆ. ಕುದುರೆ ಲಾಯದ ಗಾಳಿ ಮಾಡಿದ ಕೆಲಸವನ್ನು ದನದ ಕೊಟ್ಟಿಗೆಯ ಗಾಳಿ ಮಾಡಲಾರದೆ? ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಎರಚಿದಾಗ ಏಳುವ ಬಿಳಿಹೊಗೆಯೂ ಇದೇ ಕುಲದ್ದು. ಅಂಗಡಿಯಲ್ಲಿ ಸಿಗುವ ಕೆಲವು ಹಿತ್ತಾಳೆ ಪಾಲಿಷುಗಳಲ್ಲಿಯೂ ಅಮೋನಿಯ ಇರುತ್ತದೆ. ದೀಪದ ಕಂಬಕ್ಕೆ ಅವು ಚೆನ್ನ, ತೋಟಾಕ್ಕೆ ಕೂಡದು. ಹೊಳಪು ಬಂದಿತೆಂದು ಹಿಗ್ಗುವಾಗಲೇ ಒಳಗೆ ಬಿರುಕು ಮೊಳೆತಿರಬಹುದು.

ಹಾಗಾದರೆ ಬೆಳಗುವುದು ಹೇಗೆ? ಕರಾವಳಿಯ ಅಡಿಗೆಮನೆಯ ಉತ್ತರ ಎರಡು ಬಗೆಯದು. ಹುಣಸೆಹಣ್ಣು, ಬಿಂಬಲಿಕಾಯಿ, ಮುರುಗಲ ಸಿಪ್ಪೆ, ಇವು ಹುಳಿಯ ದಾರಿ. ಕಂದಿದ ಪದರವನ್ನು ಹುಳಿ ಕರಗಿಸುತ್ತದೆ. ಒಲೆಯ ಬೂದಿ, ತೆಂಗಿನ ನಾರು, ಇವು ಉಜ್ಜುವ ದಾರಿ. ನಮ್ಮ ಹೆಂಗಸರು ಎರಡನ್ನೂ ಕೂಡಿಸಿ ಬಳಸುತ್ತಾರೆ, ತಡಮಾಡದೆ ತೊಳೆದುಬಿಡುತ್ತಾರೆ. ಆ ತಡಮಾಡದಿರುವುದರಲ್ಲಿಯೇ ಜಾಣತನವಿದೆ. ಹುಳಿಯಲ್ಲಿ ಬಹುಕಾಲ ನೆನೆಯಿಟ್ಟ ಹಿತ್ತಾಳೆ ನಸುಗೆಂಪಾಗುವುದನ್ನು ನೀವು ನೋಡಿರಬಹುದು. ಸತುವು ಕರಗಿಹೋಗಿ ತಾಮ್ರ ಮಾತ್ರ ಮೇಲುಳಿದಿರುವ ಗುರುತು ಅದು. ತಂಬಿಗೆಗೆ ಅದರಿಂದ ದೊಡ್ಡ ನಷ್ಟವಿಲ್ಲ. ಒತ್ತಡ ತಡೆಯಬೇಕಾದ ತೆಳುಗೋಡೆಯ ಕೊಳವೆಗೆ ನಷ್ಟವೇ. ಆದುದರಿಂದ ತೋಟಾಕ್ಕೆ ಉಜ್ಜುವ ದಾರಿಯೇ ಮೇಲು. ನೂರಾರು ಸಣ್ಣ ಕೊಳವೆಗಳನ್ನು ಒಂದೊಂದಾಗಿ ಉಜ್ಜುತ್ತ ಕೂರಲು ಯಾರಿಗೆ ಪುರುಸೊತ್ತು? ಇಲ್ಲಿ ಉರುಳುಡಬ್ಬ ನೆರವಿಗೆ ಬರುತ್ತದೆ.

ಈ ಉಪಾಯ ಕಾರ್ಖಾನೆಯವರ ಸ್ವಂತ ಆಸ್ತಿಯೇನಲ್ಲ. ಭಟ್ಕಳದ ಹಡಗುಗಳು ಓಡಾಡುತ್ತಿದ್ದ ಇದೇ ಕಡಲಿನ ಬಡಗಣ ತುದಿಯಲ್ಲಿ ಖಂಭಾತ್ ಎಂಬ ಬಂದರಿದೆ. ಅಲ್ಲಿಯ ಅಕೀಕಿನ ಮಣಿಗಳು ಅರಬರ ನಾಡಿಗೂ ಆಫ್ರಿಕಕ್ಕೂ ಹೋಗುತ್ತಿದ್ದುವು. ಸಣ್ಣ ಮಣಿಗಳಿಗೆ ಹೊಳಪು ಕೊಡುವ ಕ್ರಮವನ್ನು ಮುಂಬಯಿ ಇಲಾಖೆಯ ಹಳೆಯ ಗ್ಯಾಸೆಟಿಯರು ವಿವರಿಸಿದೆ. ಮಣಿಗಳನ್ನು ಕುರುಂದದ ಪುಡಿಯೊಡನೆ ತೊಗಲಿನ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಇಬ್ಬರು ಕೋಣೆಯ ಎರಡು ಕೊನೆಗಳಲ್ಲಿ ಕುಳಿತು ಆ ಚೀಲವನ್ನು ಅತ್ತಿಂದಿತ್ತ ಎಳೆದು ಹೊರಳಿಸುತ್ತಿದ್ದರು. ಚೀಲಕ್ಕೆ ಆಗಾಗ ನೀರು ಚಿಮುಕಿಸುತ್ತ ಹೀಗೆ ಹತ್ತು ಹದಿನೈದು ದಿನ! ಮಣಿ ಮಣಿಯನ್ನು ಉಜ್ಜುತ್ತದೆ, ಪುಡಿ ಎರಡನ್ನೂ ಉಜ್ಜುತ್ತದೆ. ಮನುಷ್ಯ ಹೊರಳಿಸಿದರೆ ಸಾಕು. ಚೀಲದ ಬದಲು ಡಬ್ಬ, ಇಬ್ಬರು ಆಳುಗಳ ಬದಲು ವಿದ್ಯುತ್ ಮೋಟಾರು ಇಟ್ಟರೆ ನಮ್ಮ ಯಂತ್ರವಾಯಿತು.

ಇದನ್ನು ಕಟ್ಟಲು ದೊಡ್ಡ ವಿದ್ಯೆ ಬೇಡ. ಸುಮಾರು 20 ಸೆಂಟಿಮೀಟರು ಅಗಲದ, ಭದ್ರ ಮುಚ್ಚಳವಿರುವ ಗುಂಡನೆಯ ಪ್ಲಾಸ್ಟಿಕ್ ಡಬ್ಬ ಒಂದು. ಅದನ್ನು ಅಡ್ಡಲಾಗಿ ಮಲಗಿಸಲು ಎರಡು ಉರುಳೆಗಳು. ಒಂದನ್ನು ಮೋಟಾರು ತಿರುಗಿಸುತ್ತದೆ, ಇನ್ನೊಂದು ಸುಮ್ಮನೆ ಜೊತೆಗೆ ತಿರುಗುತ್ತದೆ. ತಪ್ಪುವುದೆಲ್ಲ ವೇಗದಲ್ಲಿ. ಬೇಗ ತಿರುಗಿದರೆ ಬೇಗ ಬೆಳಗುತ್ತದೆಂದು ತೋರುವುದು ಸಹಜ, ಆದರೆ ನಿಜ ಬೇರೆ. ಇಷ್ಟು ಅಗಲದ ಡಬ್ಬ ನಿಮಿಷಕ್ಕೆ 95 ಸುತ್ತಿನ ಹತ್ತಿರ ಹೋದರೆ ಒಳಗಿನದೆಲ್ಲ ಗೋಡೆಗೆ ಅಂಟಿಕೊಂಡು ಡಬ್ಬದ ಜೊತೆಗೇ ಸುತ್ತುತ್ತದೆ. ಯಾವುದೂ ಉರುಳುವುದಿಲ್ಲ, ಏನೂ ಉಜ್ಜುವುದಿಲ್ಲ. ಅದರ ಅರ್ಧಕ್ಕಿಂತ ಕಡಮೆ ವೇಗವೇ ಹದ. ಮೋಟಾರು ನಿಮಿಷಕ್ಕೆ 1440 ಸುತ್ತಿನದೆನ್ನಿ. ಅದರ 5 ಸೆಂಟಿಮೀಟರಿನ ರಾಟೆಯಿಂದ 25 ಸೆಂಟಿಮೀಟರಿನ ರಾಟೆಗೆ ಪಟ್ಟಿ ಹಾಕಿದರೆ 288 ಸುತ್ತಾಯಿತು. ಆ ದೊಡ್ಡ ರಾಟೆ ಕೂತ ಉರುಳೆಯ ದಪ್ಪ ಎರಡೂವರೆ ಸೆಂಟಿಮೀಟರಿದ್ದರೆ ಡಬ್ಬ 36 ಸುತ್ತು ತಿರುಗುತ್ತದೆ. ಒಳಗೋಡೆಗೆ ಉದ್ದಕ್ಕೆ ಮೂರು ಪಟ್ಟಿಗಳನ್ನು ಅಂಟಿಸಿದರೆ ಕೊಳವೆಗಳು ಜಾರದೆ ಮೇಲೇರಿ ಬೀಳುತ್ತವೆ.

ಉಜ್ಜುವ ವಸ್ತು ಯಾವುದು? ಅಮೆರಿಕದವರು ಮೆಕ್ಕೆಜೋಳದ ದಿಂಡಿನ ನುಚ್ಚನ್ನೂ ಅಕ್ರೋಟಿನ ಚಿಪ್ಪಿನ ಪುಡಿಯನ್ನೂ ತುಂಬುತ್ತಾರೆ. ಅವರ ನೆಲದಲ್ಲಿ ಅವು ಅಗ್ಗ. ಗದ್ದೆನಾಡಿನವರಿಗೆ ಅವುಗಳ ಹಂಗೇಕೆ? ಭತ್ತದ ಉಮಿಯ ಹೊರಮೈಯಲ್ಲಿ ಮರಳಿನ ಜಾತಿಯ ಸಿಲಿಕ ಹುದುಗಿದೆ. ಉಮಿ ಕೈಗೆ ಒರಟಾಗಿರುವುದು ಅದರಿಂದಲೇ. ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದು, ಡಬ್ಬದ ಅರ್ಧಕ್ಕೆ ತುಸು ಮೇಲೆ ಬರುವಂತೆ ಕೊಳವೆಗಳನ್ನೂ ಉಮಿಯನ್ನೂ ಕೂಡಿಸಿ ತುಂಬಬೇಕು. ಕೆಲವು ಗಂಟೆ ತಿರುಗಿದರೆ ಮಸಿ ಬಿಡುತ್ತದೆ. ಬಹಳ ಕೊಳೆಯಾಗಿದ್ದರೆ ಮೊದಲು ಅಂಟುವಾಳದ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸುವುದು ಒಳ್ಳೆಯದು. ಹೊಳಪು ಕನ್ನಡಿಯಂತಾಗಬೇಕೆಂದು ಹಠ ಹಿಡಿಯಬೇಕಾಗಿಲ್ಲ. ತುಸು ಮಂಕಾದರೂ ನುಣುಪಾದ ಕೊಳವೆ ತನ್ನ ಕೆಲಸ ಮಾಡುತ್ತದೆ.

ಎಚ್ಚರಿಕೆಯ ಎರಡು ಮಾತು ಹೇಳಲೇಬೇಕು. ತೋಟಾದ ಬುಡದ ಕಿಡಿಮದ್ದಿನಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಉಜ್ಜಿದ ಉಮಿಯ ದೂಳಿಗೂ ಅದು ಸೇರುತ್ತದೆ. ಡಬ್ಬವನ್ನು ತೆರೆಯುವುದು ಮನೆಯ ಹೊರಗೆ, ಮಕ್ಕಳಿಂದ ದೂರ. ಆ ಉಮಿ ದನದ ಬಾಯಿಗೂ ಗೊಬ್ಬರದ ಗುಂಡಿಗೂ ಹೋಗಬಾರದು. ಜೀವವಿರುವ ತೋಟಾವನ್ನಂತೂ ಡಬ್ಬಕ್ಕೆ ಹಾಕಲೇಕೂಡದು. ಇನ್ನೊಂದು ಕಾನೂನಿನದು. 1959ರ ಕಾಯಿದೆಯ 5ನೆಯ ಕಲಮಿನಂತೆ ಪರವಾನಿಗೆಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಮರುತುಂಬುವ ಮಾತು ಅಧಿಕಾರವುಳ್ಳವರಿಗೆ ಬಿಟ್ಟದ್ದು. ಹಳೆಯ ಕೊಳವೆಗಳನ್ನು ನೆನಪಿಗಾಗಿ, ಸಂಗ್ರಹಕ್ಕಾಗಿ ಇಟ್ಟುಕೊಳ್ಳುವವರೂ ಕಾನೂನನ್ನು ವಿಚಾರಿಸಿಕೊಂಡೇ ಇಟ್ಟುಕೊಳ್ಳಬೇಕು.

ಬೆಳಗಿದ ಮೇಲೆ ಋತುಬಿರುಕಿನ ಪರೀಕ್ಷೆಯೊಂದು ಉಳಿಯುತ್ತದೆ. ಕೊಳವೆಯ ಬಾಯಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿ. ಮಸಿಯಡಿಯಲ್ಲಿ ಅಡಗಿದ್ದ ಗೆರೆ ಈಗ ಕಾಣುತ್ತದೆ. ಬೆಳಗುವುದರ ನಿಜವಾದ ಲಾಭ ನನಗೆ ಕಂಡಂತೆ ಇದೇ. ಕಣ್ಣು ಮಂಜಾದವರು ಕಿವಿಯನ್ನು ನಂಬಬಹುದು. ನಾಲ್ಕಾರು ಕೊಳವೆಗಳನ್ನು ಬೊಗಸೆಯಲ್ಲಿ ಹಿಡಿದು ಮೆಲ್ಲನೆ ಕುಲುಕಿದರೆ ಗಟ್ಟಿಯಾದವು ಗೆಜ್ಜೆಯಂತೆ ಕಿಣಿಗುಟ್ಟುತ್ತವೆ. ಬಿರಿದದ್ದು ಒಂದಿದ್ದರೂ ಅದರ ದನಿ ಒಡಕಲಾಗಿ ಬೇರೆ ಕೇಳಿಸುತ್ತದೆ. ಅದನ್ನು ಹೆಕ್ಕಿ ಬಾಯಿಯನ್ನು ಜಜ್ಜಿ ಕಂಚುಗಾರನ ಮೂಸೆಗೆ ಕೊಡಬೇಕು.